ಉಣ್ಣೆ ಚೀಲದ ಎದುರು ನಿಂತ ಅಕ್ಕ

ಹೋದ ವಾರ ಪಡಸಾಲೆಯ ತೊಲೆಗೆ ಕಟ್ಟಿದ್ದ ಉಣ್ಣೆ ಚೀಲವನ್ನು ಇಳಿಸಿದೆ. ಎರಡು ವರ್ಷದಿಂದ ಅದು ಅಲ್ಲೇ ನೇತಾಡುತ್ತಿತ್ತು. ಇಲಿ ಸೇರಿಕೊಂಡಾವೆ, ಇಳಿಸ್ರಿ ಎಂದು ನನ್ನ ಹೆಂಡತಿ ಪುಷ್ಪ ನಾಲ್ಕಾರು ಸಲ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈ ಸಲದ ಆಷಾಢದ ಗಾಳಿಗೆ ಹೆಂಚು ಸರಿದು, ಚೀಲದ ಮೇಲೆ ಮಳೆ ಸೋರಿ, ನೆಂದ ಉಣ್ಣೆಯ ವಾಸನೆ ಮನೆ ತುಂಬ ಹರಡಿತು. ಹುಟ್ಟಿದಾಗಿನಿಂದ ಕುರಿಗಳ ನಡುವೆ ಬೆಳೆದವನು ನಾನು. ಆ ವಾಸನೆ ನನಗೆ ಮುದ್ದೆಯ ವಾಸನೆಯಷ್ಟೇ ಮಾಮೂಲು. ಆದರೂ ಅವತ್ತು ಅದು ಮೂಗಿಗೆ ಬಡಿದ ಕೂಡಲೇ ಮೈಯೆಲ್ಲ ಉರಿಯಿತು. ಗಂಟು ಬಿಚ್ಚುವ ತಾಳ್ಮೆ ಇಲ್ಲದೆ ಕುಡುಗೋಲಿನಿಂದ ಹಗ್ಗ ಕೊಯ್ದೆ. ಚೀಲ ದೊಪ್ಪನೆ ಬಿತ್ತು. ಕಾಲಿನಿಂದ ಒದ್ದೆ. ಮತ್ತೊಂದು ಸಲ ಒದ್ದೆ.

ಬಾಗಿಲಲ್ಲಿ ನಿಂತಿದ್ದ ಪುಷ್ಪ, "ಒದೀತೀರಲ್ಲ, ಅದೇನು ಮಾಡೈತೆ ನಿಮಗೆ?" ಎಂದಳು.

ಅದೇನೂ ಮಾಡಿರಲಿಲ್ಲ. ಮಾಡಿದವನು ನಾನು.

ಆ ಚೀಲ ಕಟ್ಟಿದವಳು ನನ್ನ ಅಕ್ಕ ಜಯಮ್ಮ. ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಚಿತ್ರದುರ್ಗಕ್ಕೆ ಹೋಗಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದಳು. ಹದಿನಾಲ್ಕು ವರ್ಷ ಅಲ್ಲೇ ದುಡಿದಳು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಅವಳದೊಂದು ರೂಮು, ಗ್ಯಾಸ್ ಒಲೆ, ಕಿಟಕಿಯಲ್ಲಿ ಎಣ್ಣೆ ಡಬ್ಬಿಯಲ್ಲಿ ಬೆಳೆಸಿದ ಒಂದು ತುಳಸಿ. ನಮ್ಮದು ತಾಳ್ಯದ ಹತ್ತಿರದ ಹಳ್ಳಿ. ಹಬ್ಬಕ್ಕೆಂದು ಬಂದರೂ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಎರಡು ದಿನ ಇರಕ್ಕ ಎಂದರೆ, "ಇಲ್ಲಿ ಕುಂತ್ರೆ ನಾನು ರಂಗಪ್ಪನ ಅಕ್ಕ. ಅಲ್ಲಿ ನನಗೆ ಜಯಮ್ಮ ಅಂತಾರೆ" ಎನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಕಿವಿಯೊಳಗಿನ ಯಾವುದೋ ಕಾಯಿಲೆಯಿಂದ ಅವಳಿಗೆ ತಲೆ ಸುತ್ತು ಶುರುವಾಯಿತು. ಎರಡು ಸಲ ವಾರ್ಡಿನಲ್ಲೇ ಬಿದ್ದಳು. ಎರಡನೇ ಸಲ ಬಿದ್ದಾಗ ಒಬ್ಬ ಮುದುಕಿಯ ತೋಳು ಹಿಡಿದು ನಡೆಸುತ್ತಿದ್ದಳು. ಮಾತ್ರೆಗೆ ಸುತ್ತು ನಿಂತಿತಾದರೂ ಕಾಲಿನ ಮೇಲಿನ ನಂಬಿಕೆ ಹೊರಟುಹೋಗಿತ್ತು. ಆಸ್ಪತ್ರೆಯ ಮ್ಯಾನೇಜರ್ ಅವಳನ್ನು ಮನೆಗೆ ಕಳಿಸಿದರು. ದೀಪಾವಳಿ ಕಳೆದ ಮೇಲೆ ಬಾ, ವ್ಯಾಯಾಮದ ಮೇಡಂ ನಿನ್ನನ್ನು ನಿಲ್ಲಿಸಿ ನೋಡುತ್ತಾರೆ, ಸರಿ ಇದ್ದರೆ ಕೆಲಸ ನಿನ್ನದೇ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು.

ಆ ಮೇಡಂ ದಿನಾ ಬೆಳಿಗ್ಗೆ ಆಸ್ಪತ್ರೆಯ ಮಹಡಿಯ ಹಾಲಿನಲ್ಲಿ ವಯಸ್ಸಾದವರಿಗೆ ತೈ ಚಿ ಎಂಬ ಚೀನಾದ ನಿಧಾನದ ವ್ಯಾಯಾಮ ಹೇಳಿಕೊಡುತ್ತಿದ್ದರಂತೆ. ಕುರ್ಚಿ ಹಾಕುವುದು, ತೆಗೆಯುವುದು ಅಕ್ಕನ ಕೆಲಸ. ಜೋಡಿ ಸಿಗದವರ ಎದುರಿಗೆ ಮೇಡಂ ಅಕ್ಕನನ್ನೇ ನಿಲ್ಲಿಸುತ್ತಿದ್ದರು. ವರ್ಷಗಟ್ಟಲೆ ಹಾಗೆ ನಿಂತು ನಿಂತು ಅವಳಿಗೆ ಅದು ಬಂದುಬಿಟ್ಟಿತ್ತು. ಈಗ ಅವಳು ಮತ್ತೆ ಕಾಲೂರಿ ನಿಲ್ಲಬೇಕಾದರೆ ಅದೇ ದಾರಿ, ದಿನಾ ಹತ್ತು ನಿಮಿಷ ಎದುರಿಗೊಬ್ಬರು ನಿಂತು ಮೆಲ್ಲಗೆ ತಳ್ಳಬೇಕು ಎಂದು ಮೇಡಂ ಹೇಳಿ ಕಳಿಸಿದ್ದರು.

ಹತ್ತು ನಿಮಿಷ. ಅವಳು ನನ್ನಿಂದ ಕೇಳಿದ್ದು ಅಷ್ಟೇ.

ಮೊದಲ ದಿನ ನಾನು ನಿಂತೆ. ಆಷಾಢದ ಗಾಳಿ ಅಂಗಳದ ಧೂಳನ್ನೆಲ್ಲ ಎಬ್ಬಿಸುತ್ತಿತ್ತು. ಎದುರಿನ ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳು ಬರ್ರೆಂದು ತಿರುಗುತ್ತಿದ್ದವು. ಅಕ್ಕ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲು ಮುಂದಿಟ್ಟು ನಿಂತಳು.

"ಲೇ ರಂಗ, ನನ್ನ ಮಣಿಕಟ್ಟಿನ ಮೇಲೆ ನಿನ್ನ ಮಣಿಕಟ್ಟು ಇಡು. ಹಂಗೇ. ಈಗ ಮೆಲ್ಲಕೆ ತಳ್ಳು."

"ತಳ್ಳಿದ್ರೆ ಏನಾಗ್ತೈತೆ?"

"ನೀನು ತಳ್ಳೋಕೆ ಮುಂಚೆ ನನ್ನ ಕೈಗೆ ಗೊತ್ತಾಗಬೇಕು. ಗೊತ್ತಾದ್ರೆ ಜಾಗ ಬಿಡ್ತೀನಿ. ಜಾಗ ಬಿಟ್ರೆ ಬೀಳಲ್ಲ. ಕೈ ಮಾತ್ರ ಬಿಡಂಗಿಲ್ಲ, ಅಂಟ್ಕಂಡೇ ಇರಬೇಕು."

"ಇದೆಂಥ ಕುಸ್ತಿನಕ್ಕ?"

"ಚೀನಾದವರ ಕುಸ್ತಿ. ಇದ್ರಾಗೆ ಜೋರು ಮಾಡಿದವನೇ ಬೀಳೋದು."

ನನಗೆ ನಗು ಬಂತು. ಕೊಂಬು ಹಿಡಿದು ಟಗರನ್ನು ನಿಲ್ಲಿಸುವ ಕೈ ನನ್ನದು. ಬಂಡಿ ನೂಕುವ ಹಾಗೆ ನೂಕಿದೆ. ಅಕ್ಕನ ಸೊಂಟ ಒಂದಿಷ್ಟು ತಿರುಗಿತು, ಅಷ್ಟೇ ನಾನು ಕಂಡದ್ದು. ಮುಂದಿನ ಕ್ಷಣ ನಾನು ಅವಳ ಪಕ್ಕದಿಂದ ಮುಗ್ಗರಿಸಿ ಹೋಗಿ ಕುರಿ ನೀರು ಕುಡಿಯುವ ಬಾನಿಯಲ್ಲಿ ಎರಡೂ ಕೈ ಊರಿದ್ದೆ. ಪಕ್ಕದ ಮನೆಯ ಮಲ್ಲಣ್ಣ ಗೋಡೆಯ ಮೇಲಿಂದ ನೋಡುತ್ತಿದ್ದ. ಅವನೂ ಕುರಿ ಸಾಕುವವನೇ.

"ಏನಪ್ಪ ರಂಗಪ್ಪ, ಮುಖ ತೊಳ್ಕಂಡ್ಯಾ? ಹೆಂಗಸು ಬೀಳಿಸಿದಳಲ್ಲೋ ನಿನ್ನ!"

ಅಕ್ಕನೂ ನಕ್ಕಳು. ಅವಳ ನಗುವಿನಲ್ಲಿ ಕೆಡುಕಿರಲಿಲ್ಲ. ತನ್ನ ಕಾಲು ನಿಂತಿತಲ್ಲ ಎಂಬ ಖುಷಿ ಇತ್ತು. ನನಗೆ ಅದು ಕಾಣಲಿಲ್ಲ. ಆಮೇಲೆ ನಾಲ್ಕು ದಿನ ಚಾ ಅಂಗಡಿಯಲ್ಲಿ ಮಲ್ಲಣ್ಣನದು ಅದೇ ಮಾತು. ನಾನು ಮತ್ತೆ ಅವಳ ಎದುರಿಗೆ ನಿಲ್ಲಲಿಲ್ಲ.

ಅವಳು ಕೇಳುವುದು ಬಿಡಲಿಲ್ಲ. ಬೆಳಿಗ್ಗೆ ಕೇಳಿದರೆ ಕುರಿ ಬಿಡಬೇಕು ಎನ್ನುತ್ತಿದ್ದೆ. ಸಂಜೆ ಕೇಳಿದರೆ ಸುಸ್ತು ಎನ್ನುತ್ತಿದ್ದೆ. ಕೊನೆಗೆ, "ಅಕ್ಕ ತಮ್ಮ ಅಂಗಳದಾಗೆ ಕೈ ಕೈ ಹಿಡ್ಕಂಡು ಕುಣಿದ್ರೆ ಊರಾಗೆ ಏನಂತಾರೆ?" ಎಂದೆ. ಪುಷ್ಪ ದಿನಾ ಬೆಳಿಗ್ಗೆ ಆರಕ್ಕೆ ವ್ಯಾನಿನಲ್ಲಿ ಚಿತ್ರದುರ್ಗದ ಗಾರ್ಮೆಂಟ್ಸಿಗೆ ಹೋಗುವವಳು. ಅವಳಿಗೆ ಬಿಡುವೇ ಇರಲಿಲ್ಲ. ಒಂದು ಭಾನುವಾರ ತಾನೇ ಹೋಗಿ ಅಕ್ಕನ ಎದುರು ನಿಂತಳು. ಒಳಗೆ ಬಂದು ನನಗೆ ಹೇಳಿದಳು: "ಹತ್ತು ನಿಮಿಷ ನಿಲ್ಲೋಕೆ ನಿಮ್ಮ ಕಾಲು ಸವೀತಾವಾ? ಅವರು ಮತ್ತೆ ಕೆಲಸಕ್ಕೆ ಹೋಗಬೇಕೋ ಬ್ಯಾಡವೋ?"

ನಾನು ಎದ್ದು ಕುರಿಗಳ ಕಡೆ ಹೋದೆ. ಯಾಕೆ ನಿಲ್ಲಲಿಲ್ಲ ಎಂಬುದನ್ನು ಈಗ ಹೇಳುತ್ತೇನೆ. ಅಕ್ಕ ಮನೆಗೆ ಬಂದ ಮೇಲೆ ಒಲೆ ಹೊತ್ತಿಗೆ ಸರಿಯಾಗಿ ಉರಿಯುತ್ತಿತ್ತು. ಕುರಿ ಕೂಡುವ ರೊಪ್ಪದ ಹಿಕ್ಕೆ ಗುಡಿಸಿರುತ್ತಿತ್ತು. ತಾಯಿ ಸತ್ತ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುವವರಿದ್ದರು. ಮಧ್ಯಾಹ್ನ ಹೊಲದ ಬದುವಿಗೆ ಬುತ್ತಿ ಬರುತ್ತಿತ್ತು. ಮಲ್ಲಣ್ಣನ ನಗು ನನಗೊಂದು ನೆವ. ಅವಳ ಕಾಲು ಗಟ್ಟಿಯಾದರೆ ಅವಳು ಹೋಗಿಬಿಡುತ್ತಾಳೆ ಎಂದು ಒಳಗೊಂದು ಲೆಕ್ಕ ನಡೆದಿತ್ತು. ಹದಿನಾಲ್ಕು ವರ್ಷ ಊರವರ ಮೈ ಒರೆಸಿ ಬಂದವಳನ್ನು ನನ್ನ ಮನೆಗೆ ಬಿಟ್ಟಿ ಆಯಾ ಮಾಡಿಕೊಂಡಿದ್ದೆ. ಇದನ್ನು ಬರೆಯುವಾಗ ನನ್ನ ಕೈಯನ್ನೇ ಕಡಿದುಹಾಕಬೇಕು ಅನ್ನಿಸುತ್ತದೆ.

ನಾನು ನಿಲ್ಲದಿದ್ದಾಗ ಅವಳು ಒಬ್ಬಳೇ ಶುರು ಮಾಡಿದಳು.

ಉಣ್ಣೆ ತುಂಬಿದ ಗೋಣಿಚೀಲವನ್ನು ತೊಲೆಗೆ ಕಟ್ಟಿ ಎದೆಯ ಮಟ್ಟಕ್ಕೆ ಇಳಿಬಿಟ್ಟಳು. ಅದನ್ನು ಒಮ್ಮೆ ತೂಗಿಬಿಟ್ಟು ಎರಡೂ ಅಂಗೈ ಅದರ ಮೇಲೆ ಇಡುತ್ತಿದ್ದಳು. ಚೀಲ ತನ್ನ ಕಡೆ ಬಂದರೆ ಮೈ ಹಿಂದಕ್ಕೆ, ಚೀಲ ಹಿಂದೆ ಹೋದರೆ ಮೈ ಅದರ ಜೊತೆಗೇ ಮುಂದಕ್ಕೆ. ಕೈ ಬಿಡುವ ಹಾಗಿಲ್ಲ, ಒತ್ತುವ ಹಾಗೂ ಇಲ್ಲ. ಹೊರಗಿನವರಿಗೆ ತೊಟ್ಟಿಲು ತೂಗುವ ಹಾಗೆ ಕಾಣುತ್ತಿತ್ತು. ಒಂದು ಬಿದಿರು ಗಳದ ಒಂದು ತುದಿ ಗೋಡೆಗೆ, ಇನ್ನೊಂದು ತುದಿ ಅಂಗೈಗೆ ಕೊಟ್ಟು, ಅದು ಬೀಳದ ಹಾಗೆ ಕಾಲು ಗಂಟೆ ನಿಲ್ಲುತ್ತಿದ್ದಳು. "ತೋಳಿನಾಗೆ ಒತ್ತಿದ್ರೆ ನಡುಗ್ತೈತೆ ನೋಡು. ಹಿಮ್ಮಡಿಯಿಂದ ಬರಬೇಕು. ಹಿಮ್ಮಡಿ, ಮಂಡಿ, ಸೊಂಟ, ಬೆನ್ನು, ಆಮೇಲೆ ಕೈ" ಎಂದು ಯಾರಿಗೋ ಹೇಳುವ ಹಾಗೆ ಹೇಳಿಕೊಳ್ಳುತ್ತಿದ್ದಳು. ಬಾಗಿಲ ಕದ ಹಿಡಿದು ಅದು ಕಿರುಗುಟ್ಟದ ಹಾಗೆ ಸರಿಸುತ್ತಿದ್ದಳು. ಗಾಳಿ ಜೋರಾದ ದಿನ ಅಂಗಳಕ್ಕೆ ಹೋಗಿ ಕಣ್ಣು ಮುಚ್ಚಿ ನಿಂತು, ಗಾಳಿ ಯಾವ ಕಡೆಯಿಂದ ದೂಡುತ್ತದೋ ಆ ಕಡೆಯ ಭುಜ ಸಡಿಲ ಬಿಡುತ್ತಿದ್ದಳು.

ಇನ್ನೊಂದು ಇತ್ತು. ತನ್ನ ಎಡ ಅಂಗೈಯನ್ನು ತನ್ನದೇ ಬಲ ಮಣಿಕಟ್ಟಿನ ಮೇಲೆ ಇಟ್ಟು, ಎಡಗೈ ತಳ್ಳುವುದು, ಬಲಗೈ ತಪ್ಪಿಸಿಕೊಳ್ಳುವುದು.

"ಇದೇನು, ನಿನ್ನ ಜೊತೆ ನೀನೇ ಜಗಳ?" ಎಂದೆ.

"ಬಲಗೈ ನಾನು, ಎಡಗೈ ನೀನು" ಎಂದಳು. "ನೀನು ಬರದಿದ್ರೆ ನಿನ್ನ ನಾನೇ ಮಾಡ್ಕಬೇಕಲ್ಲ."

"ನಾನೇನು ಅಷ್ಟು ಮೆತ್ತಗೆ ತಳ್ತೀನಾ?"

"ಅದಕ್ಕೇ ಎಡಗೈಗೆ ಆಗಾಗ ಬೈತಾ ಇರ್ತೀನಿ" ಎಂದು ನಕ್ಕಳು.

ಊರವರು ಬಾಯಿಗೆ ಬಂದದ್ದು ಅಂದರು. ಜಯಮ್ಮನ ಮೈಮೇಲೆ ಬರ್ತೈತಂತೆ ಅಂದರು. ಆಸ್ಪತ್ರೆ ಸೇರಿ ತಲೆ ಕೆಟ್ಟೈತೆ ಅಂದರು. ನಾನು ಒಬ್ಬರಿಗೂ ಬಾಯಿ ಮುಚ್ಚು ಅನ್ನಲಿಲ್ಲ. ಶ್ರಾವಣದಲ್ಲಿ ಒಂದು ದಿನ ನೆಂಟರ ಎದುರಿಗೆ ಅವಳು ಮತ್ತೆ, "ಬಾರೋ, ಚೀಲ ತನ್ನಷ್ಟಕ್ಕೆ ತಾನು ತಳ್ಳಲ್ಲ, ನನಗೆ ಜೀವ ಇರೋದು ಬೇಕು" ಎಂದಾಗ ನನಗೆ ರೇಗಿತು.

"ಜೀವ ಇರೋದು ಬೇಕಾ? ರೊಪ್ಪದಾಗೆ ಟಗರು ಮರಿ ಐತೆ, ಹೋಗಿ ಅದರ ಜೊತೆ ತಳ್ಳಾಡು!" ಎಂದೆ. ನೆಂಟರು ನಕ್ಕರು.

ಇಲ್ಲಿ ಒಂದು ಮಾತು ಹೇಳಬೇಕು. ಕುರಿ ಸಾಕುವ ಮನೆಯಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಪಾಠ, ಟಗರು ಮರಿಯ ಹಣೆಯ ಮೇಲೆ ಕೈ ಇಡಬೇಡ ಎಂಬುದು. ಗದ್ದದ ಕೆಳಗೆ ತುರಿಸು, ಬೆನ್ನು ಸವರು, ಕಿವಿ ಹಿಡಿ. ಹಣೆ ಮಾತ್ರ ಒತ್ತಬೇಡ. ಒತ್ತಿದರೆ ಅದು ಎದುರೊತ್ತುತ್ತದೆ. ಚಿಕ್ಕದಿದ್ದಾಗ ಅದು ಮುದ್ದು. ಕೊಂಬು ಬಲಿತ ಮೇಲೆ ಅದೇ ಅದಕ್ಕೆ ಆಟ, ಮನುಷ್ಯರು ಅದಕ್ಕೆ ಜೋಡಿ. ಹಾಗೆ ಕೆಟ್ಟ ಟಗರನ್ನು ಮಂದೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡವನಿಗೆ ಕುರಿ ಸಾಕಲು ಬರುವುದಿಲ್ಲ ಎಂದೇ ನಮ್ಮವರ ತೀರ್ಮಾನ. ನಮ್ಮಪ್ಪ ಇದಕ್ಕಾಗಿಯೇ ನನ್ನ ಕೈಯ ಮೇಲೆ ಬಾರುಕೋಲಿನಿಂದ ಬಾರಿಸಿದ್ದ. ಅಕ್ಕ ಆಗ ಪಕ್ಕದಲ್ಲೇ ಇದ್ದಳು.

ಯುಗಾದಿಯ ಹೊತ್ತಿಗೆ ಹುಟ್ಟಿದ್ದ ಒಂದು ಕರಿ ಮರಿಗೆ ತಾಯಿ ಇರಲಿಲ್ಲ. ಅಕ್ಕ ಬಂದ ಮೇಲೆ ಬಾಟಲಿ ಹಾಲು ಕುಡಿಸಿ ಅದನ್ನು ಉಳಿಸಿಕೊಂಡಿದ್ದಳು. ನಾನು ರೇಗಿದ ಮರುದಿನ ಬೆಳಿಗ್ಗೆ ನೋಡುತ್ತೇನೆ, ಅವಳು ರೊಪ್ಪದ ಮುಂದೆ ಮಂಡಿ ಬಗ್ಗಿಸಿ ನಿಂತು ಆ ಮರಿಯ ಹಣೆಯ ಮೇಲೆ ಅಂಗೈ ಇಟ್ಟಿದ್ದಾಳೆ. ಮರಿ ತಳ್ಳಿತು. ಅವಳು ತಳ್ಳಲಿಲ್ಲ, ಸೊಂಟ ತಿರುಗಿಸಿ ದಾರಿ ಬಿಟ್ಟಳು. ಮರಿ ಮುಂದೆ ಓಡಿ, ತಿರುಗಿ, ಕುಣಿಯುತ್ತ ಮತ್ತೆ ಬಂತು.

"ಅಕ್ಕ, ಅಪ್ಪ ಹೇಳಿದ್ದು ಮರೆತ್ಯಾ?"

"ಮರೆತಿಲ್ಲ" ಎಂದಳು, ಕೈ ತೆಗೆಯದೆ. "ಇದನ್ನ ಬಿಟ್ಟುಬಿಡ್ತೀನಿ. ನೀನು ನಿಂತ್ಕಂತೀಯ?"

ನಾನು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುರಿ ಹೊಡೆದುಕೊಂಡು ಹೋದೆ.

ಆಮೇಲೆ ದಿನಾ ಅದೇ ನಡೆಯಿತು. ಅಕ್ಕನ ಕಾಲು ಗಟ್ಟಿಯಾಗುತ್ತ ಬಂತು. ಭಾದ್ರಪದದ ಹೊತ್ತಿಗೆ ತಲೆಯ ಮೇಲೆ ಕೊಡ ಇಟ್ಟುಕೊಂಡು ಕೆಸರಿನಲ್ಲಿ ನಡೆಯುತ್ತಿದ್ದಳು. "ಇದ್ರಾಗೆ ಕೋಪ ಇಲ್ಲ ನೋಡು, ಬರೇ ತಳ್ಳೋದು ಐತೆ" ಎಂದು ಒಮ್ಮೆ ಮರಿಯ ಬೆನ್ನು ಸವರುತ್ತ ಹೇಳಿದಳು. "ನೀನು ಅವತ್ತು ತಳ್ಳಿದಾಗ ಕೈ ತುಂಬ ಕೋಪ." ಮರಿಯೂ ಬೆಳೆಯಿತು. ಎದೆ ಅಗಲವಾಯಿತು, ಕೊಂಬು ಸುತ್ತು ಬಂತು. ಇಡೀ ಊರಿನಲ್ಲಿ ಅಂಥ ಚೆಲುವಾದ ಟಗರು ಇರಲಿಲ್ಲ. ಮಂದೆಗೆ ಇದನ್ನೇ ಬಿಡುತ್ತೇನೆ ಎಂದು ಮಲ್ಲಣ್ಣನ ಎದುರಿಗೆ ಕೊಚ್ಚಿಕೊಂಡಿದ್ದೆ. ಅದರ ಹಣೆ ಕೆಟ್ಟಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಟ್ಟುಕೊಂಡೆ.

ಮಹಾನವಮಿ ಕಳೆದು ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಕುರಿ ಬಿಡುವ ಹೊತ್ತು. ಟಗರಿನ ಕೊರಳ ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದು ನಾನು ರೊಪ್ಪದ ಬಾಗಿಲಲ್ಲಿ ನಿಂತಿದ್ದೆ. ಅಕ್ಕ ನಮಗೆ ಬೆನ್ನು ಮಾಡಿ, ಬಗ್ಗಿ ಹಿಕ್ಕೆ ಬಾಚುತ್ತಿದ್ದಳು. ಅದರ ಸ್ವಲ್ಪ ಮುಂಚೆ ಅವಳು ಹಾಡುವ ದನಿಯಲ್ಲಿ, "ಇನ್ನು ಇಪ್ಪತ್ತು ದಿನ, ಆಮೇಲೆ ನಿಮ್ಮ ರೊಪ್ಪ ನೀವೇ ಬಳ್ಕಳ್ರಿ" ಎಂದಿದ್ದಳು. ಆ ಮಾತಿನ ಸಿಟ್ಟು ನನಗಿನ್ನೂ ಇಳಿದಿರಲಿಲ್ಲ.

ಟಗರು ಅವಳನ್ನು ನೋಡಿತು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟಿತು. ಎರಡು. ಮೂರು.

ಟಗರು ಹಿಂದಕ್ಕೆ ಸರಿಯಿತೆಂದರೆ ಮುಂದೇನು ಎಂದು ಕುರಿಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕ ಎಂದು ಕೂಗಲು ಬೇಕಾದಷ್ಟು ಹೊತ್ತಿತ್ತು. ಕೈಯಲ್ಲಿದ್ದ ಹಗ್ಗವನ್ನು ಅದರ ಮುಖಕ್ಕೆ ಬೀಸಬಹುದಿತ್ತು. ನಾನು ಸುಮ್ಮನೆ ನಿಂತೆ. 'ನೋಡಾಣ, ನಿನ್ನ ಚೀನಾ ಕುಸ್ತಿ ಈಗೇನು ಮಾಡ್ತೈತೆ' ಎಂದು ನನ್ನ ಮನಸ್ಸು ಅಂದಿತು. ಆ ಮಾತು ಅಷ್ಟೇ ಸ್ಪಷ್ಟವಾಗಿ ಅಂದಿತು. ನಾನು ಅದನ್ನು ಕೇಳಿಸಿಕೊಂಡೆ.

ಅವಳ ಕೈ ಅದನ್ನು ಮುಟ್ಟಿದ್ದರೆ ಅವಳು ಬೀಳುತ್ತಿರಲಿಲ್ಲ. ಬೆನ್ನಿಗೆ ಕೈ ಇರುವುದಿಲ್ಲ. ಟಗರು ತೊಡೆಯ ಹಿಂಭಾಗಕ್ಕೆ ಗುದ್ದಿತು. ಅಕ್ಕ ಎಡಗೈಯೂರಿ ಕಲ್ಲಿನ ಮೇಲೆ ಬಿದ್ದಳು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಕೂಗು ಕೇಳಿ ಮಲ್ಲಣ್ಣ ಗೋಡೆ ಹಾರಿ ಬಂದ. "ಏನಾತಲೇ?"

ಟಗರು ಅಷ್ಟು ಹೊತ್ತಿಗೆ ಮಂದೆಯ ನಡುವೆ ಸೇರಿ ಏನೂ ಅರಿಯದ ಹಾಗೆ ನಿಂತಿತ್ತು. ಮಂದೆಗೆ ಬಿಡುತ್ತೇನೆ ಎಂದು ಕೊಚ್ಚಿಕೊಂಡ ಟಗರು ಮನೆಯವರಿಗೇ ಗುದ್ದಿತು ಎಂದು ಆ ಬಾಯಿಬಡುಕನಿಗೆ ಹೇಳುವುದೇ?

"ತಲೆ ತಿರುಗಿ ಬಿದ್ಲಣ್ಣ" ಎಂದೆ.

ಅಕ್ಕ ಕಣ್ಣು ಮುಚ್ಚಿ ನರಳುತ್ತಿದ್ದಳು. ಮಲ್ಲಣ್ಣನ ಓಮ್ನಿಯಲ್ಲಿ ಅವಳನ್ನು ಚಿತ್ರದುರ್ಗಕ್ಕೆ, ಅವಳಿಗೆ ಗೊತ್ತಿದ್ದ ಆ ಆಸ್ಪತ್ರೆಗೇ ಕರೆದೊಯ್ದೆವು. ಅವಳನ್ನು ಎಕ್ಸ್‌ರೇಗೆ ಕರೆದುಕೊಂಡು ಹೋದಾಗ ಡಾಕ್ಟರು ಹೇಗೆ ಬಿದ್ದರು ಎಂದು ಕೇಳಿದರು. ಮಲ್ಲಣ್ಣ ನನ್ನ ಪಕ್ಕದಲ್ಲೇ ಇದ್ದ. ತಲೆ ತಿರುಗಿ ಬಿದ್ದಳು ಎಂದು ಅಲ್ಲೂ ಹೇಳಿದೆ. ಅವರು ಬರೆದುಕೊಂಡರು.

ಮುರಿದ ಕೈಗೆ ಸಿಮೆಂಟ್ ಪಟ್ಟು ಹಾಕಿಸಿಕೊಂಡು ಬಂದವಳು ದಾರಿಯಲ್ಲಿ ಎಡಗೈ ಎತ್ತಿ ತೋರಿಸಿ, "ನೀನೇ ಮುರಿದುಹೋದೆ ನೋಡು" ಎಂದು ನಕ್ಕಳು. ಆ ನಗುವಿಗೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಅವಳು ಅತ್ತಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಟಗರನ್ನು ಮಾರು ಎಂದು ಅವಳು ಹೇಳಲಿಲ್ಲ. "ಅದರದೇನು ತಪ್ಪು, ಕಲಿಸಿದವಳು ನಾನು" ಎಂದಳು. ಪಟ್ಟಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಒಂದೇ ಕೈಯನ್ನು ಚೀಲದ ಮೇಲಿಟ್ಟು ದಿನಾ ನಿಂತಳು. ದೀಪಾವಳಿ ಬಂತು, ಹೋಯಿತು. ಕಾರ್ತಿಕದ ಕೊನೆಯಲ್ಲಿ ಪಟ್ಟು ತೆಗೆಸುವ ದಿನವೇ ಪರೀಕ್ಷೆ ಎಂದಾಯಿತು. ನಾನು ಜೊತೆಗೆ ಹೋದೆ.

ಮಹಡಿಯ ಹಾಲಿನಲ್ಲಿ ಮೇಡಂ ಅವಳ ಎದುರು ನಿಂತರು. ಮಣಿಕಟ್ಟಿಗೆ ಮಣಿಕಟ್ಟು. ಮುಂದಿನಿಂದ ತಳ್ಳಿದರು. ಎಡದಿಂದ, ಬಲದಿಂದ. ಹಿಂದೆ ಬಂದು ಭುಜ ದೂಡಿದರು. ಒಂದು ಕಾಲೆತ್ತಿಸಿ ದೂಡಿದರು. ಕಣ್ಣು ಮುಚ್ಚಿಸಿ ದೂಡಿದರು. ಅಕ್ಕ ನೀರಿನಲ್ಲಿ ನಿಂತ ಜೊಂಡಿನ ಹಾಗೆ ಅತ್ತಿತ್ತ ಒಲೆದಳು, ಪಾದ ಮಾತ್ರ ಕದಲಲಿಲ್ಲ. ಕೊನೆಗೆ ಮೇಡಮ್ಮೇ ಎರಡು ಹೆಜ್ಜೆ ಮುಗ್ಗರಿಸಿ ನಗತೊಡಗಿದರು. "ಯಾರ ಜೊತೆ ಪ್ರಾಕ್ಟೀಸ್ ಮಾಡಿದ್ರಿ ಜಯಮ್ಮ?"

"ಯಾರೂ ಸಿಗಲಿಲ್ಲ ಮೇಡಂ. ಮನೆಯಾಗೆ ಒಬ್ಬಳೇ ಮಾಡ್ಕಂಡೆ."

ಕೆಳಗೆ ಮ್ಯಾನೇಜರ್ ಫೈಲು ತೆರೆದರು. "ನೀವು ಹೋದ ತಿಂಗಳು ಮತ್ತೆ ತಲೆ ತಿರುಗಿ ಬಿದ್ದಿದ್ದೀರಲ್ಲಮ್ಮ. ಕೈ ಮುರಿದಿದೆ. ನಾಳೆ ಪೇಷಂಟ್ ಹಿಡಿದುಕೊಂಡು ಬಿದ್ದರೆ?"

ಅಕ್ಕನಿಗೆ ಅರ್ಥವಾಗಲಿಲ್ಲ. "ತಲೆ ತಿರುಗಿಲ್ಲ ಸಾರ್. ಟಗರು ಗುದ್ತು."

"ನಿಮ್ಮ ತಮ್ಮನೇ ಹೇಳಿ ಬರೆಸಿದ್ದಾರೆ." ಅವರು ನನ್ನ ಕಡೆ ತಿರುಗಿದರು. "ಏನಪ್ಪ, ಟಗರು ಗುದ್ದಿದ್ದು ಹೌದಾ?"

ಅಲ್ಲಿ ಮಲ್ಲಣ್ಣ ಇರಲಿಲ್ಲ. ನಗುವವರು ಯಾರೂ ಇರಲಿಲ್ಲ. ಹೌದು ಎಂದರೆ ಮುಗಿಯುತ್ತಿತ್ತು. ಅಕ್ಕ ನನ್ನನ್ನು ನೋಡುತ್ತಿದ್ದಳು. ಒಂದು ಮಾತು ಬರುತ್ತದೆ ಎಂದು ನಂಬಿ ನೋಡುವ ಹಾಗೆ. ನನ್ನ ಕಣ್ಣಿಗೆ ನಮ್ಮ ಒಲೆ ಬಂತು, ಗುಡಿಸದ ರೊಪ್ಪ ಬಂತು, ಪುಷ್ಪನ ಆರು ಗಂಟೆಯ ವ್ಯಾನು ಬಂತು.

"ನಾನು ನೋಡಿಲ್ಲ ಸಾರ್" ಎಂದೆ.

ಮ್ಯಾನೇಜರ್ ಫೈಲು ಮುಚ್ಚಿದರು. ಜೊತೆಗೆ ಇಳಿದು ಬಂದಿದ್ದ ಮೇಡಂ ಏನೋ ಹೇಳಲು ಹೋದರು. ಮ್ಯಾನೇಜರ್ ಕೈ ಎತ್ತಿ ತಡೆದರು.

ಹೊಳಲ್ಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ತಾಳ್ಯದ ಬಸ್ಸಿಗೆ ಕಾಯುವಾಗ ಅಕ್ಕ, "ನೀನು ಹಗ್ಗ ಹಿಡ್ಕಂಡು ಅಲ್ಲೇ ನಿಂತಿದ್ದೆಲ್ಲೋ" ಎಂದಳು.

"ಟಗರಿನ ಕಡೆ ನೋಡ್ತಿರಲಿಲ್ಲಕ್ಕ."

ಅವಳು ನನ್ನ ಮೊಣಕೈಯ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಳು. ಆಮೇಲೆ ಕೈ ತೆಗೆದು, ತನ್ನ ಚೀಲ ಎತ್ತಿಕೊಂಡು, ಹೊಸದುರ್ಗದ ಬೋರ್ಡು ಹಾಕಿದ್ದ ಬಸ್ಸಿನ ಕಡೆ ನಡೆದಳು. ಆ ಊರಿನಲ್ಲಿ, ಅವಳ ಜೊತೆ ಮುಂಚೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ ಒಬ್ಬಳಿದ್ದಳು. ನಾನು ಹಿಂದೆ ಓಡಿ, "ಮನೆಗೆ ಹೋಗಾಣ ಬಾರಕ್ಕ" ಎಂದೆ. ಕಂಡಕ್ಟರ್ ಬಾಗಿಲು ಬಡಿದ. ಅಷ್ಟೆ.

ಆ ಚಳಿಗಾಲ ನಮ್ಮ ಮನೆ ನನಗೆ ತಕ್ಕ ಹಾಗೆ ಇತ್ತು. ಬಾಟಲಿ ಹಾಲು ಕುಡಿಸುವವರಿಲ್ಲದೆ ಮೂರು ಮರಿ ಸತ್ತವು. ಅಕ್ಕ ಇದ್ದಾಳೆಂದು ಆ ವರ್ಷ ಹಿರಿಯೂರು ಕಡೆಯ ತೆಂಗಿನ ತೋಟಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಲು ಮಾತು ಕೊಟ್ಟಿದ್ದವನು, ಮನೆ ನೋಡಿಕೊಳ್ಳುವವರಿಲ್ಲದೆ ಹೋಗಲಿಲ್ಲ. ಟಗರು ಮುಂದಿನ ಬೇಸಿಗೆಯಲ್ಲಿ ನನ್ನ ಮಂಡಿಗೇ ಗುದ್ದಿತು. ಆಗ ಕಟುಕರಿಗೆ ಕೊಟ್ಟೆ. ನನಗೆ ನೋವಾದ ಮೇಲೆ.

ಚೀಲ ಇಳಿಸಿದ ಮರುದಿನ ಹೊಸದುರ್ಗಕ್ಕೆ ಹೋದೆ. ಅಕ್ಕ ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಹಿಂದಿನ ಅಂಗಳದಲ್ಲಿ, ಸೌದೆ ಒಟ್ಟಿದ್ದ ಗೋಡೆಯ ಎದುರು, ಒಬ್ಬಳೇ ನಿಂತು ಕೈ ಆಡಿಸುತ್ತಿದ್ದಳು. ಎರಡು ವರ್ಷದಲ್ಲಿ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ನಿಲ್ಲಿಸಲಿಲ್ಲ.

"ಅಕ್ಕ, ನಾನು ಸುಳ್ಳು ಹೇಳಿದೆ. ನಾನು ನೋಡಿದ್ದೆ."

"ಗೊತ್ತು."

"ಗುದ್ದಿದ್ದು ಅಷ್ಟೇ ಅಲ್ಲ. ಅದು ಹಿಂದಕ್ಕೆ ಸರಿದಿದ್ದೂ ನೋಡಿದೆ. ಮೂರು ಹೆಜ್ಜೆ. ಬೇಕಂತಲೇ ಕೂಗಲಿಲ್ಲ."

ಅವಳ ಕೈಗಳು ನಿಂತವು. ನಿಧಾನಕ್ಕೆ ಕೆಳಗಿಳಿದವು. ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅದು ಗೊತ್ತಿರಲಿಲ್ಲ ನನಗೆ" ಎಂದಳು. ಆಮೇಲೆ, "ಯಾರಿಗೆಲ್ಲ ಹೇಳೀಯ?" ಎಂದು ಕೇಳಿದಳು.

"ನಿನಗೊಬ್ಬಳಿಗೇ."

"ನನಗೆ ಹೇಳಿ ನೀನು ಹಗುರಾಗಿ ಹೋಗಬ್ಯಾಡ ರಂಗ. ಊರಾಗೆ ಇನ್ನೂ ನನ್ನ ಸುತ್ತು ಬಂದು ಬೀಳೋಳು ಅಂತಾರೆ. ಹೊಳಲ್ಕೆರೆಯಾಗೆ ಎರಡು ಕಡೆ ಕೆಲಸ ಕೇಳಿದೆ, ನಮ್ಮೂರವರೇ ಬ್ಯಾಡ ಅಂತ ಹೇಳಿ ತಪ್ಪಿಸಿದ್ರು. ಗೊತ್ತಿಲ್ಲದವರಿಗೆ ಹೇಳು ಹೋಗು." ಅಡುಗೆಮನೆಯೊಳಗಿಂದ ಯಾರೋ "ಜಯಮ್ಮಾ" ಎಂದು ಕರೆದರು. ಅವಳು ಹೋದಳು. ಉಂಡು ಹೋಗು ಎನ್ನಲಿಲ್ಲ.

ಊರಿಗೆ ಬಂದು ಚಾ ಅಂಗಡಿಯ ಮುಂದೆ ಮಲ್ಲಣ್ಣನಿಗೂ ಅಲ್ಲಿದ್ದ ನಾಲ್ಕು ಮಂದಿಗೂ ಹೇಳಿದೆ. "ಹೋಗ್ಲಿ ಬಿಡಲೇ, ಹಳೇದು. ಟಗರು ಅಂದ್ಮೇಲೆ ಗುದ್ದೇ ಗುದ್ತೈತೆ" ಎಂದು ಮಲ್ಲಣ್ಣ ನಕ್ಕು ಇನ್ನೊಂದು ಚಾ ಹೇಳಿದ. ಯಾರಿಗೂ ನನ್ನ ಮೇಲೆ ಸಿಟ್ಟು ಬರಲಿಲ್ಲ. ಅಕ್ಕನನ್ನು ಎರಡು ವರ್ಷ ಆಡಿಕೊಂಡ ಬಾಯಿಗಳಿಗೆ ನನ್ನನ್ನು ಬೈಯಲು ಎರಡು ಮಾತು ಹುಟ್ಟಲಿಲ್ಲ. ಆ ಚಾ ನಾನು ಕುಡಿಯಲಿಲ್ಲ, ಚೆಲ್ಲಿದೆ. ಚಿತ್ರದುರ್ಗಕ್ಕೆ ಹೋದೆ, ಆ ಮ್ಯಾನೇಜರ್ ಬಿಟ್ಟುಹೋಗಿದ್ದರು, ಹೊಸಬರು ಹಳೆಯ ಫೈಲಿನಲ್ಲಿ ಏನೂ ತಿದ್ದಲು ಬರುವುದಿಲ್ಲ ಎಂದರು.

ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದಕ್ಕಾದರೂ ಆಗಲಿ ಎಂದು ಬರೆಯಲು ಕುಳಿತೆ. ಓದಿದವರು ಗೊತ್ತಿಲ್ಲದವರಿಗೆ ಹೇಳಿ. ಆ ವರ್ಷ ಮಹಾನವಮಿ ಕಳೆದ ನಾಲ್ಕನೆಯ ದಿನ ನನ್ನ ಅಕ್ಕ ಜಯಮ್ಮ ತಲೆ ತಿರುಗಿ ಬೀಳಲಿಲ್ಲ. ಅವಳ ಕಾಲು ಅವತ್ತೂ ಗಟ್ಟಿ ಇತ್ತು, ಇವತ್ತೂ ಗಟ್ಟಿ ಇದೆ. ನಾನು ಕೆಡಲು ಬಿಟ್ಟು, ಗೊತ್ತಿದ್ದೂ ಇಟ್ಟುಕೊಂಡ ಟಗರು ಅವಳಿಗೆ ಹಿಂದಿನಿಂದ ಗುದ್ದಿತು. ನಾನು ಹಗ್ಗ ಹಿಡಿದು ನೋಡುತ್ತಿದ್ದೆ.